ಎದೆ ಢವಗುಟ್ಟಿದಾಗ ನಗು ಬಂದದ್ದು ಎಲ್ಲಿಂದ?

ನಗುವಾಗ ನಾವು ಉಸಿರು ಬಿಡುತ್ತೇವೆ, ಎಳೆದುಕೊಳ್ಳುವುದಿಲ್ಲ. ಬೇಕಿದ್ದರೆ ಈಗಲೇ, ಕೂತ ಜಾಗದಲ್ಲೇ, ಒಮ್ಮೆ ‘ಹಹ್ಹಹ್ಹಾ’ ಅಂದು ನೋಡಿ. ಹೊಟ್ಟೆ ಒಳಕ್ಕೆ ಹೋಯಿತಲ್ಲ? ಎದೆಯೊಳಗಿನ ಗಾಳಿ ತುಂಡುತುಂಡಾಗಿ ಹೊರಗೆ ಬಂತಲ್ಲ? ಈಗ ಉಸಿರು ಎಳೆದುಕೊಳ್ಳುತ್ತಾ ಅದೇ ‘ಹಹ್ಹಹ್ಹಾ’ ಅನ್ನಿ. ಬರುವುದು ನಗುವಲ್ಲ, ಇನ್ನೇನೋ. ಐವತ್ತು ವರ್ಷ ನಗುತ್ತಾ ಬಂದವನು ನಾನು, ಇದು ನನಗೆ ಗೊತ್ತೇ ಇರಲಿಲ್ಲ! ಗೊತ್ತಾದ ರಾತ್ರಿ ನಿದ್ದೆ ಬರಲಿಲ್ಲ. ಎರಡು ವರ್ಷದಿಂದ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆಯೊಂದಕ್ಕೆ ಸಿಕ್ಕ ಮೊದಲ ಉತ್ತರ ಅದು.

ಆ ಪ್ರಶ್ನೆ ಹುಟ್ಟಿದ್ದು ಸಿದ್ದಾಪುರದ ಹತ್ತಿರದ ಹಳ್ಳಿಯಲ್ಲಿ, ಚಿಕ್ಕಮ್ಮನ ಮನೆಯ ಜಗುಲಿಯ ಮೇಲೆ, ಬೆಳಗಿನ ಜಾವ ಮೂರು ಗಂಟೆಗೆ. ಅಂದು ಊರಲ್ಲಿ ಯಕ್ಷಗಾನದ ಆಟ ಇತ್ತು. ಪ್ರಸಂಗ ವಿರಾಟಪರ್ವದ್ದು. ಹೆಂಗಸರ ಮುಂದೆ ಬಡಾಯಿ ಕೊಚ್ಚಿ ಯುದ್ಧಕ್ಕೆ ಹೊರಟ ಉತ್ತರಕುಮಾರ ಕೌರವ ಸೇನೆಯನ್ನು ಕಂಡು ರಥದಿಂದ ಹಾರಿ ಓಡುತ್ತಾನಲ್ಲ, ಆ ಭಾಗಕ್ಕೆ ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತ್ತು. ನಾನೂ ನಕ್ಕಿದ್ದೆ. ಮನೆಗೆ ಬಂದು ಮಲಗಿ ಒಂದು ಜೊಂಪು ಹತ್ತಿತ್ತು ಅಷ್ಟೆ, ಯಾರೋ ಎದೆಯೊಳಗಿಂದ ತಳ್ಳಿದ ಹಾಗೆ ಎಚ್ಚರವಾಯಿತು.

ಎದೆ ಚೆಂಡೆಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಬೆರಳ ತುದಿಗಳಲ್ಲಿ ಜುಮುಜುಮು. ತುಟಿ ಮರಗಟ್ಟಿತ್ತು. ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿತ್ತು. ಎಷ್ಟು ಎಳೆದರೂ ಗಾಳಿ ಸಾಲದು. ಇನ್ನು ಮುಗಿಯಿತು ಎಂಬ ಖಾತ್ರಿ. ಆ ಖಾತ್ರಿಯನ್ನು ಅನುಭವಿಸದವರಿಗೆ ಹೇಳಿ ತಿಳಿಸುವುದು ಕಷ್ಟ. ಅದು ‘ಹೀಗಾಗಬಹುದೇನೋ’ ಎಂಬ ಅನುಮಾನವಲ್ಲ, ‘ಆಗುತ್ತಿದೆ’ ಎಂಬ ನಿಶ್ಚಯ. ಇದು ನನಗೆ ಮೊದಲ ಸಲವೂ ಆಗಿರಲಿಲ್ಲ. ಹಿಂದಿನ ಎರಡು ಸಲವೂ ಇಸಿಜಿ ತೆಗೆಸಿ, ರಕ್ತ ಪರೀಕ್ಷೆ ಮಾಡಿಸಿ, ಹೃದಯಕ್ಕೇನೂ ಆಗಿಲ್ಲ, ಇದು ಪ್ಯಾನಿಕ್ ಅಟ್ಯಾಕ್ ಎಂದು ವೈದ್ಯರು ಹೇಳಿ ಕಳಿಸಿದ್ದರು. ಹೇಳಿದ್ದು ಗೊತ್ತಿತ್ತು. ಆ ಹೊತ್ತಿನಲ್ಲಿ ಗೊತ್ತಿದ್ದದ್ದು ಯಾವುದೂ ಕೆಲಸಕ್ಕೆ ಬರುವುದಿಲ್ಲ.

ಸದ್ದಿಗೆ ಚಿಕ್ಕಮ್ಮ ಎದ್ದು ಬಂದರು. ಕೈಯಲ್ಲಿ ಟಾರ್ಚು. ಪಕ್ಕದಲ್ಲಿ ಕೂತು ನನ್ನ ಮುಂಗೈ ಹಿಡಿದುಕೊಂಡರು.

“ಚಿಕ್ಕಮ್ಮಾ, ನಾನು ಸತ್ತು ಹೋಗ್ತೀನಿ ಅನ್ನಿಸ್ತಿದೆ.”

ಅವರು ಗಾಬರಿಯಾಗಲಿಲ್ಲ. ‘ಛೇ, ಏನೂ ಆಗಲ್ಲ’ ಅನ್ನಲಿಲ್ಲ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಮನೆಯ ಲೆಕ್ಕ ಹೇಳುವ ದನಿಯಲ್ಲಿ ಹೇಳಿದರು: “ನಿಂಗೆ ಅಂತಲೇ ಸೌತೆಕಾಯಿ ತೆಳ್ಳೇವಿಗೆ ಅಕ್ಕಿ ರುಬ್ಬಿಟ್ಟಿದೀನಿ. ಅದನ್ನ ತಿನ್ನದೆ ಹೋದ್ರೆ ನಾನು ಮಾತ್ರ ಸುಮ್ನೆ ಬಿಡೋದಿಲ್ಲ ನೋಡು, ಮಾರಾಯಾ.”

ಮೊದಲು ಬಂದದ್ದು ಕೆಮ್ಮಿನಂಥ ಒಂದು ಸದ್ದು. ಆಮೇಲೆ ಇನ್ನೊಂದು. ಆಮೇಲೆ ತಡೆಯಲಾಗದ ನಗು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು. ಚಿಕ್ಕಮ್ಮನೂ ನಕ್ಕರು. ನಾಲ್ಕೈದು ನಿಮಿಷ ಕಳೆದಿರಬೇಕು. ನೋಡಿದರೆ ಬೆರಳುಗಳು ಬೆಚ್ಚಗಾಗಿದ್ದವು. ತುಟಿಗೆ ಸ್ಪರ್ಶ ಮರಳಿತ್ತು. ಎದೆ ಇನ್ನೂ ಜೋರಾಗಿಯೇ ಬಡಿಯುತ್ತಿತ್ತು, ಆದರೆ ಅದು ಸಾವಿನ ಬಡಿತವಾಗಿ ಉಳಿದಿರಲಿಲ್ಲ. ಚಿಕ್ಕಮ್ಮ ಕಷಾಯ ಮಾಡಲು ಒಳಗೆ ಹೋದರು. ದೂರದಲ್ಲಿ ಆಟದ ಚೆಂಡೆ ಇನ್ನೂ ಕೇಳುತ್ತಿತ್ತು. ನಾನು ಕಂಬಕ್ಕೆ ಒರಗಿ ಕೂತು ಯೋಚಿಸಿದೆ: ಇದು ಏನು? ಸಾಯುತ್ತೇನೆಂದು ನಿಶ್ಚಯವಾಗಿದ್ದ ಮೈಯಲ್ಲಿ ನಗು ಎಲ್ಲಿತ್ತು? ಬಂದದ್ದು ಎಲ್ಲಿಂದ?

ಅಲ್ಲಿಂದ ಶುರುವಾದದ್ದು ಈ ಹುಡುಕಾಟ. ಸಿಕ್ಕಿದ್ದನ್ನೆಲ್ಲ ಹೇಳಿಬಿಡಬೇಕು ಅನ್ನಿಸುತ್ತಿದೆ, ಒಂದೇ ಉಸಿರಿನಲ್ಲಿ.

ಪ್ಯಾನಿಕ್ ಅಟ್ಯಾಕ್ ಎಂದರೆ ಬೆಂಕಿಯಿಲ್ಲದ ಮನೆಯಲ್ಲಿ ಬೆಂಕಿಯ ಗಂಟೆ ಹೊಡೆದುಕೊಳ್ಳುವುದು. ಮಿದುಳಿನ ಆಳದಲ್ಲಿ ಅಮಿಗ್ಡಲ ಎಂಬ ಬಾದಾಮಿಯಾಕಾರದ ಭಾಗವಿದೆ, ಭಯದ ಕಾವಲುಗಾರ. ಅದು ಎಚ್ಚರಿಸಿದ ಕೂಡಲೇ ರಕ್ತಕ್ಕೆ ಅಡ್ರಿನಲಿನ್ ನುಗ್ಗುತ್ತದೆ, ಹೃದಯ ಓಡುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಉಸಿರು ಚಿಕ್ಕದಾಗಿ ವೇಗವಾಗುತ್ತದೆ. ಹುಲಿ ಎದುರಿಗಿದ್ದರೆ ಇದೆಲ್ಲ ಬೇಕು. ಹುಲಿಯಿಲ್ಲದೆ, ಹಾಸಿಗೆಯ ಮೇಲೆ ಕೂತು ಹೀಗೆ ಉಸಿರೆಳೆದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದುಹೋಗುತ್ತದೆ. ಬೆರಳಿನ ಜುಮುಜುಮು, ತುಟಿಯ ಮರಗಟ್ಟುವಿಕೆ, ತಲೆ ಸುತ್ತು, ಎಲ್ಲಕ್ಕೂ ಕಾರಣ ಅದೇ. ಅಂದರೆ ನೋಡಿ! ಗಾಳಿ ಸಾಲುತ್ತಿಲ್ಲ ಎಂದು ನಾನು ಒದ್ದಾಡುತ್ತಿದ್ದ ಹೊತ್ತಿನಲ್ಲಿ ನನ್ನೊಳಗೆ ಗಾಳಿ ಹೆಚ್ಚಾಗಿತ್ತು. ಬೇಕಿದ್ದದ್ದು ಇನ್ನಷ್ಟು ಎಳೆದುಕೊಳ್ಳುವುದಲ್ಲ, ಬಿಡುವುದು.

ಮತ್ತು ನಗು ಎಂದರೆ ಬಿಡುವುದು!

ಇದನ್ನು ನನಗೆ ಕಲಿಸಿದವರು ಅಮೆರಿಕದ ಮೇರಿಲ್ಯಾಂಡಿನ ನರವಿಜ್ಞಾನಿ ರಾಬರ್ಟ್ ಪ್ರೊವೈನ್. 2000ದಲ್ಲಿ ಬಂದ ಅವರ ಪುಸ್ತಕ ನಗುವನ್ನು ಹಕ್ಕಿಯ ಕೂಗನ್ನು ಅಳೆಯುವಷ್ಟೇ ಶ್ರದ್ಧೆಯಿಂದ ಅಳೆಯುತ್ತದೆ. ‘ಹ’ ಎಂಬ ಒಂದು ತುಣುಕು ಸೆಕೆಂಡಿನ ಹದಿಮೂರನೆಯ ಒಂದು ಭಾಗದಷ್ಟು ಚಿಕ್ಕದು. ಅಂಥ ತುಣುಕುಗಳು ಸೆಕೆಂಡಿಗೆ ಸುಮಾರು ಐದರಂತೆ ಸಮ ಅಂತರದಲ್ಲಿ ಬರುತ್ತವೆ, ತಾಳ ಹಾಕಿದ ಹಾಗೆ. ಚಿಂಪಾಂಜಿಗಳೂ ನಗುತ್ತವೆ, ಆದರೆ ಅವುಗಳದು ಏದುಸಿರಿನ ನಗು: ಒಳಗೆಳೆದಾಗ ಒಂದು ಸದ್ದು, ಹೊರಬಿಟ್ಟಾಗ ಒಂದು ಸದ್ದು. ಒಂದೇ ಉದ್ದನೆಯ ನಿಶ್ವಾಸವನ್ನು ಕತ್ತರಿಸಿ ಕತ್ತರಿಸಿ ನಗು ಮಾಡಿಕೊಂಡವನು ಮನುಷ್ಯ. ಮನಸಾರೆ ನಕ್ಕಾಗ ಮಾಮೂಲಿ ಉಸಿರಾಟದಲ್ಲಿ ಎಂದೂ ಖಾಲಿಯಾಗದಷ್ಟು ಶ್ವಾಸಕೋಶ ಖಾಲಿಯಾಗುತ್ತದೆ. ಉಸಿರು ಒಳಗೆ ಬರುವಾಗ ಹೃದಯ ತುಸು ವೇಗವಾಗುತ್ತದೆ, ಹೊರಗೆ ಹೋಗುವಾಗ ತುಸು ನಿಧಾನವಾಗುತ್ತದೆ. ಇದು ನಿಮ್ಮಲ್ಲಿ, ನನ್ನಲ್ಲಿ, ಈ ಕ್ಷಣದಲ್ಲೂ ನಡೆಯುತ್ತಿದೆ. ನಗುವ ಹೊತ್ತಿನಲ್ಲಿ ಎದೆ ಬಡಿತ ಏರುವುದು ನಿಜ, ಆದರೆ ನಕ್ಕು ಮುಗಿದ ಮೇಲೆ ಒಂದು ದೊಡ್ಡ ‘ಉಸ್ಸಪ್ಪಾ’ ಬರುತ್ತದಲ್ಲ, ಅಲ್ಲಿ ಮೈ ಇಳಿಯತೊಡಗುತ್ತದೆ.

ಪ್ರೊವೈನ್ ಅವರ ಇನ್ನೊಂದು ಶೋಧ ಇದಕ್ಕಿಂತ ಬೆರಗಿನದು. ಅವರೂ ಅವರ ವಿದ್ಯಾರ್ಥಿಗಳೂ ಅಂಗಡಿ ಬೀದಿಗಳಲ್ಲಿ, ಕಾಲೇಜಿನ ಅಂಗಳದಲ್ಲಿ ಜನ ನಗುವುದನ್ನು ಕದ್ದು ಕೇಳಿ 1,200 ನಗುಗಳನ್ನು ಬರೆದಿಟ್ಟುಕೊಂಡರು. ನಗುವಿಗೆ ಮುಂಚೆ ಯಾರೋ ಜೋಕು ಹೇಳಿರಬೇಕಲ್ಲ? ಇಲ್ಲ. ಜೋಕೆನ್ನಬಹುದಾದ ಮಾತು ಇದ್ದದ್ದು ನೂರಕ್ಕೆ ಇಪ್ಪತ್ತಕ್ಕೂ ಕಡಿಮೆ ಸಲ. ಉಳಿದದ್ದೆಲ್ಲ ‘ಸರಿ, ಬರ್ತೀನಿ’, ‘ಎಲ್ಲಿ ಹೋಗಿದ್ದೆ?’ ಎಂಬಂಥ ಮಾತುಗಳು. ಒಬ್ಬರೇ ಇದ್ದಾಗ ನಗುವುದಕ್ಕಿಂತ ಜನರ ನಡುವೆ ಇದ್ದಾಗ ನಾವು ಮೂವತ್ತು ಪಟ್ಟು ಹೆಚ್ಚು ನಗುತ್ತೇವಂತೆ. ಅಂದರೆ ಆ ರಾತ್ರಿ ನನ್ನನ್ನು ನಗಿಸಿದ್ದು ಬರೀ ತೆಳ್ಳೇವಿನ ಮಾತಲ್ಲ. ಪಕ್ಕದಲ್ಲಿ ಒಂದು ಜೀವ ಕೂತು ಮುಂಗೈ ಹಿಡಿದುಕೊಂಡಿತ್ತು. ನಾಳೆ ಬೆಳಗ್ಗೆ ನಾನು ಎದ್ದು ತಿಂಡಿ ತಿನ್ನುತ್ತೇನೆ ಎಂಬುದರಲ್ಲಿ ಆ ಜೀವಕ್ಕೆ ಎಳ್ಳಷ್ಟೂ ಸಂಶಯವಿರಲಿಲ್ಲ.

‘ಬಿದ್ದು ಬಿದ್ದು ನಕ್ಕರು’ ಎನ್ನುತ್ತೇವೆ. ‘ನಕ್ಕು ನಕ್ಕು ಕೈಕಾಲಲ್ಲಿ ಶಕ್ತಿಯೇ ಇಲ್ಲ’ ಎನ್ನುತ್ತೇವೆ. 1999ರಲ್ಲಿ ಹಾಲೆಂಡಿನ ಸಂಶೋಧಕರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನೇ ವರದಿ ಮಾಡಿದರು. ಕಾಲಿನ ನರಕ್ಕೆ ಸಣ್ಣ ವಿದ್ಯುತ್ ತಟ್ಟಿಸಿದಾಗ ಸ್ನಾಯು ತಾನಾಗಿ ಸೆಟೆಯುವ ಪ್ರತಿವರ್ತನೆಯೊಂದಿದೆ. ನಿಜವಾದ ನಗು ಬಂದಾಗ ಅದು ಕುಗ್ಗಿಬಿಡುತ್ತದೆ. ಭಯ ಬಿಗಿದು ಕಟ್ಟಿದ ಸ್ನಾಯುವನ್ನು ನಗು ಸಡಿಲಿಸುತ್ತದೆ. ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿತ್ತು!

ಇಲ್ಲಿಗೆ ಬಂದಾಗ ನನಗೆ ನೆನಪಾದದ್ದು ಭರತನ ನಾಟ್ಯಶಾಸ್ತ್ರ. ಎಂಟು ಸಾತ್ವಿಕ ಭಾವಗಳನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಮರಗಟ್ಟುವುದು, ಬೆವರುವುದು, ಕೂದಲು ನಿಮಿರುವುದು, ದನಿ ಕಟ್ಟುವುದು, ನಡುಗುವುದು, ಬಣ್ಣಗೆಡುವುದು, ಕಣ್ಣೀರು, ಮೂರ್ಛೆ. ಈ ಪಟ್ಟಿಯನ್ನು ಯಾವುದಾದರೂ ಮನೋವೈದ್ಯರ ಮೇಜಿನ ಮೇಲಿಟ್ಟು ನೋಡಿ, ಪ್ಯಾನಿಕ್ ಅಟ್ಯಾಕಿನ ಲಕ್ಷಣಗಳನ್ನು ಇಷ್ಟು ಅಚ್ಚುಕಟ್ಟಾಗಿ ಬರೆದವರು ಯಾರು ಎಂದು ಕೇಳುತ್ತಾರೆ. ಆದರೆ ರೋಮ ನಿಮಿರುವ ಸಂಗತಿ ಅದಲ್ಲ. ಸ್ತಂಭಕ್ಕೆ, ಸ್ವೇದಕ್ಕೆ, ನಡುಕಕ್ಕೆ ಕಾರಣಗಳನ್ನು ಹೇಳುವಾಗ ಭರತ ಭಯವನ್ನೂ ಹರ್ಷವನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತಾನೆ. ಹೆದರಿದವನೂ ನಡುಗುತ್ತಾನೆ, ಹಿಗ್ಗಿದವನೂ ನಡುಗುತ್ತಾನೆ. ಬೆವರು ಒಂದೇ. ಕಣ್ಣೀರು ಒಂದೇ. ಮೈ ಒಂದೇ ಬಾಗಿಲು, ಒಳಗೆ ಬರುವವರು ಬೇರೆ ಬೇರೆ. ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದೇ ಬಾಗಿಲಲ್ಲಿ ನಿಂತಿವೆ. ಜನರ ಮುಂದೆ ಹಾಡಬೇಕು, ಭಾಷಣ ಮಾಡಬೇಕು ಎಂದು ಹೆದರಿದವರಿಗೆ ‘ಶಾಂತವಾಗಿದ್ದೇನೆ’ ಎಂದು ಹೇಳಿಕೊಳ್ಳುವುದಕ್ಕಿಂತ ‘ನನಗೆ ಉತ್ಸಾಹ ಬಂದಿದೆ’ ಎಂದು ಹೇಳಿಕೊಳ್ಳುವುದು ಹೆಚ್ಚು ನೆರವಾಯಿತು. ಬಡಿಯುತ್ತಿರುವ ಎದೆಯನ್ನು ನಿಲ್ಲಿಸುವುದು ಕಷ್ಟ. ಅದಕ್ಕೆ ಇನ್ನೊಂದು ಹೆಸರಿಡುವುದು ಅಷ್ಟು ಕಷ್ಟವಲ್ಲ.

ನನ್ನ ಎದೆ ಆ ರಾತ್ರಿ ಬಡಿಯುತ್ತಲೇ ಇತ್ತು ಎಂದೆನಲ್ಲ. ನಗು ಅದನ್ನು ನಿಲ್ಲಿಸಲಿಲ್ಲ. ಅದರ ಹೆಸರನ್ನು ಬದಲಿಸಿತು.

ಇನ್ನು ವಿಕ್ಟರ್ ಫ್ರಾಂಕಲ್. ವಿಯೆನ್ನಾದ ಈ ಮನೋವೈದ್ಯರ ವಿಷಯ ಓದುತ್ತಾ ನಾನು ಎದ್ದು ಕೋಣೆಯಲ್ಲಿ ಓಡಾಡಿದ್ದೇನೆ. ಅವರಲ್ಲಿಗೆ ಒಬ್ಬ ಯುವ ವೈದ್ಯ ಬಂದಿದ್ದ. ಅವನಿಗೆ ಬೆವರಿನ ಭಯ. ಒಮ್ಮೆ ಮೇಲಧಿಕಾರಿಗೆ ಕೈಕುಲುಕುವಾಗ ವಿಪರೀತ ಬೆವರಿದ್ದ. ಮುಂದಿನ ಸಲ ಬೆವರಿಬಿಟ್ಟರೆ ಎಂಬ ದಿಗಿಲಿಗೇ ಬೆವರಿದ. ಬೆವರಿದ್ದಕ್ಕೆ ದಿಗಿಲು ಹೆಚ್ಚಿತು, ದಿಗಿಲಿಗೆ ಬೆವರು ಹೆಚ್ಚಿತು, ಗಾಣದೆತ್ತಿನಂತೆ ಸುತ್ತಿ ಸುತ್ತಿ ನಾಲ್ಕು ವರ್ಷ. ಫ್ರಾಂಕಲ್ ಹೇಳಿದ ಮದ್ದು ಏನು ಗೊತ್ತೆ? ಇನ್ನು ಮುಂದೆ ಜನ ಎದುರಾದಾಗ ಬೆವರದಿರಲು ಯತ್ನಿಸಬೇಡ. ಬೆವರಲೇಬೇಕೆಂದು ಹಟ ಹಿಡಿ. ಇಷ್ಟು ದಿನ ಸುರಿಸಿದ್ದರ ಹತ್ತು ಪಟ್ಟು ಸುರಿಸಿ ಎದುರಿಗಿದ್ದವರಿಗೆ ತೋರಿಸಿಯೇ ಬಿಡುತ್ತೇನೆ ಎಂದುಕೋ! ಒಂದೇ ಭೇಟಿ. ಒಂದು ವಾರದೊಳಗೆ ನಾಲ್ಕು ವರ್ಷದ ಭಯ ಬಿಟ್ಟುಹೋಯಿತು ಎಂದು ಫ್ರಾಂಕಲ್ ಬರೆದಿದ್ದಾರೆ.

ಅಟ್ಟಿಸಿಕೊಂಡು ಬರುವ ನಾಯಿ ನಾವು ನಿಂತು ತಿರುಗಿ ಕರೆದರೆ ಗಲಿಬಿಲಿಗೊಳ್ಳುತ್ತದೆ. ಭಯವೂ ಹಾಗೆಯೇ. ಬೇಡ ಎಂದಷ್ಟೂ ಬರುವುದು, ‘ಬಾ, ಇನ್ನೂ ಜೋರಾಗಿ ಬಾ’ ಎಂದು ಕರೆದರೆ ತಡವರಿಸುತ್ತದೆ. ಹಾಗೆ ಕರೆಯಲು ಗಂಭೀರ ಮುಖದಿಂದ ಆಗುವುದಿಲ್ಲ. ಹತ್ತು ಪಟ್ಟು ಬೆವರು ಎಂದ ಕೂಡಲೇ ತುಟಿಯ ಅಂಚು ಮೇಲೇಳುತ್ತದೆ. ಆ ಕ್ಷಣದಲ್ಲಿ ಭಯಪಡುವವನೂ ಅವನ ಭಯವೂ ಎರಡಾಗಿ ನಿಲ್ಲುತ್ತಾರೆ, ನಡುವೆ ಒಂದು ಗೇಣು ಜಾಗ ಹುಟ್ಟುತ್ತದೆ. ಫ್ರಾಂಕಲ್ ತಮ್ಮ ಚಿಕಿತ್ಸೆಯಲ್ಲಿ ವಿನೋದಕ್ಕೆ ಅಷ್ಟು ದೊಡ್ಡ ಸ್ಥಾನ ಕೊಟ್ಟದ್ದು ಆ ಗೇಣು ಜಾಗಕ್ಕಾಗಿ.

ಅವರು ಇದನ್ನು ಆರಾಮಕುರ್ಚಿಯಲ್ಲಿ ಕೂತು ಹೇಳಲಿಲ್ಲ. ನಾಜಿಗಳ ಸೆರೆಶಿಬಿರಗಳಲ್ಲಿ, ಆಷ್‌ವಿಟ್ಜ್ ಕೂಡ ಅವುಗಳಲ್ಲಿ ಒಂದು, ಬದುಕಿ ಬಂದವರು ಅವರು. ತಂದೆ, ತಾಯಿ, ಅಣ್ಣ, ಹೆಂಡತಿ ಎಲ್ಲರನ್ನೂ ಕಳೆದುಕೊಂಡವರು. ಶಿಬಿರದ ಕಟ್ಟಡದ ಕೆಲಸದಲ್ಲಿ ಪಕ್ಕದಲ್ಲಿ ದುಡಿಯುತ್ತಿದ್ದ ಒಬ್ಬ ಶಸ್ತ್ರವೈದ್ಯ ಗೆಳೆಯನೊಂದಿಗೆ ಅವರು ಒಂದು ಒಪ್ಪಂದ ಮಾಡಿಕೊಂಡಿದ್ದರು: ಬಿಡುಗಡೆಯಾದ ಮೇಲೆ ನಡೆಯಬಹುದಾದ ಒಂದು ನಗುವಿನ ಪ್ರಸಂಗವನ್ನು ದಿನಕ್ಕೊಂದಾದರೂ ಕಟ್ಟಬೇಕು. ಶಿಬಿರದಲ್ಲಿ ಮೇಲಧಿಕಾರಿ ಬರುವಾಗ ಮೇಸ್ತ್ರಿ ಕೈದಿಗಳನ್ನು ಚುರುಕುಗೊಳಿಸಲು ಕೂಗು ಹಾಕುತ್ತಿದ್ದನಂತೆ. ಫ್ರಾಂಕಲ್ ಗೆಳೆಯನಿಗೆ ಹೇಳುತ್ತಾರೆ: ನೀನು ಮುಂದೊಂದು ದಿನ ಆಸ್ಪತ್ರೆಯಲ್ಲಿ ದೊಡ್ಡ ಆಪರೇಷನ್ ಮಾಡುತ್ತಿರುತ್ತೀಯ, ಹಿರಿಯ ಸರ್ಜನ್ ಬರುತ್ತಿದ್ದಾರೆಂದು ಆಳು ಓಡಿ ಬಂದು ಅದೇ ಕೂಗು ಹಾಕುತ್ತಾನೆ! ಶಿಬಿರದ ಸಾರು ಬರೀ ನೀರು, ನಾಲ್ಕು ಕಾಳು ಇದ್ದರೆ ತಳದಲ್ಲಿ. ಮುಂದೆ ಎಲ್ಲೋ ಔತಣಕ್ಕೆ ಹೋದಾಗ ಮೈಮರೆತು ಮನೆಯೊಡತಿಯನ್ನು ‘ತಳದಿಂದ ಬಡಿಸಿ ತಾಯೀ’ ಎಂದು ಬೇಡಿಕೊಂಡರೆ ಹೇಗೆ ಎಂದು ಕೈದಿಗಳು ನಗುತ್ತಿದ್ದರಂತೆ. ಇದನ್ನು ಓದಿ ನನಗೆ ನಗುವೂ ಬಂತು, ಗಂಟಲೂ ಕಟ್ಟಿತು. ಮತ್ತೆ ಚಿಕ್ಕಮ್ಮ ನೆನಪಾದರು. ‘ತೆಳ್ಳೇವು ತಿನ್ನದೆ ಹೋದರೆ’ ಎಂಬ ಮಾತಿನಲ್ಲಿ ಇದ್ದದ್ದೂ ಇದೇ ಅಲ್ಲವೆ? ನಾಳೆ ಎಂಬುದೊಂದು ಇದೆ, ಅಲ್ಲಿ ಹಿಟ್ಟು ರುಬ್ಬಿ ಇಟ್ಟಾಗಿದೆ.

ಆಸ್ಟ್ರೇಲಿಯಾದ ಕ್ಲೇರ್ ವೀಕ್ಸ್ ಅವರ ಕಥೆಯನ್ನೂ ಹೇಳದೆ ಇರಲಾರೆ. ಸಿಡ್ನಿಯ ಈ ಹೆಣ್ಣುಮಗಳು ಹಲ್ಲಿ ಜಾತಿಯ ಪ್ರಾಣಿಗಳ ಬಸಿರಿನ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದ ವಿಜ್ಞಾನಿ. ಯೌವನದಲ್ಲಿ ಕ್ಷಯವಿದೆಯೆಂದು ತಪ್ಪಾಗಿ ಹೇಳಿ ಆರೋಗ್ಯಧಾಮದಲ್ಲಿ ಇರಿಸಿದ್ದರು. ಹೊರಗೆ ಬಂದ ಮೇಲೆ ಎದೆ ಢವಢವ ನಿಲ್ಲಲೇ ಇಲ್ಲ. ಮೊದಲ ಮಹಾಯುದ್ಧದಲ್ಲಿ ಕಾದಿ ಬಂದ ಗೆಳೆಯನೊಬ್ಬ ಕಂದಕಗಳಲ್ಲಿ ನಮ್ಮೆಲ್ಲರ ಎದೆಯೂ ಹೀಗೇ ಹೊಡೆದುಕೊಳ್ಳುತ್ತಿತ್ತು, ನೀನು ಹೆದರುತ್ತಿರುವುದು ಭಯಕ್ಕೆ ಅಷ್ಟೆ ಎಂದ. ಆ ಮಾತೇ ಅವರ ಬದುಕಿನ ದಿಕ್ಕು ಬದಲಿಸಿತು. ಮುಂದೆ ವೈದ್ಯೆಯಾಗಿ 1962ರಲ್ಲಿ ಅವರು ಬರೆದ ಪುಸ್ತಕ ಲಕ್ಷಾಂತರ ಜನರ ತಲೆದಿಂಬಿನ ಪಕ್ಕ ಸೇರಿತು. ಅವರು ಹೇಳಿದ್ದು: ಭಯಗಳು ಎರಡು. ಮೊದಲನೆಯದು ತಾನಾಗಿ ಬರುತ್ತದೆ, ಅದರ ಮೇಲೆ ನಮ್ಮ ಹಿಡಿತವಿಲ್ಲ. ಎರಡನೆಯದು ‘ಅಯ್ಯೋ, ಬಂತಲ್ಲ!’ ಎಂದು ನಾವು ಸೇರಿಸುವುದು. ನಮ್ಮ ಹಾಸ್ಯ ಸಾಹಿತಿ ಬೀಚಿಯವರು ತಮ್ಮ ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟಿದ್ದಾರೆ. ಬಯಾಗ್ರಫಿಗೆ ಒಂದು ಮಹಾಪ್ರಾಣ ಹಾಕಿ ಭಯವನ್ನು ಮುಖಪುಟದ ಮೇಲೆಯೇ ಕೂರಿಸಿಬಿಟ್ಟಿದ್ದಾರೆ! ಮುಖಪುಟಕ್ಕೇರಿದ ಭಯಕ್ಕೆ ಎರಡನೆಯ ಭಯ ಅಂಟುವುದು ಕಷ್ಟ.

ಈಗ ಆಟದ ಅಂಗಳಕ್ಕೆ ಮರಳುತ್ತೇನೆ, ಏಕೆಂದರೆ ಈ ಹುಡುಕಾಟದ ದೊಡ್ಡ ಸೋಜಿಗ ಇದ್ದದ್ದು ಅಲ್ಲಿ.

‘ಉತ್ತರನ ಪೌರುಷ ಒಲೆಯ ಮುಂದೆ’ ಎನ್ನುತ್ತಾ ಬೆಳೆದವರು ನಾವು. ಉತ್ತರಕುಮಾರ ನಮಗೆ ಹೇಡಿ. ಆದರೆ ಮಹಾಭಾರತ ಅವನನ್ನು ವರ್ಣಿಸುವ ಬಗೆ ನೋಡಿ: ಸೇನೆ ಕಂಡ ಕೂಡಲೇ ರೋಮ ನಿಮಿರುತ್ತದೆ, ಮನಸ್ಸು ಕುಸಿಯುತ್ತದೆ, ನನ್ನಿಂದ ಆಗದು ಎನ್ನುತ್ತಾನೆ, ಧನುಸ್ಸು ಬಿಸುಟು ರಥದಿಂದ ಹಾರಿ ಓಡುತ್ತಾನೆ. ಇದು ಹೇಡಿತನದ ಚಿತ್ರವಲ್ಲ, ನನ್ನ ಜಗುಲಿಯ ರಾತ್ರಿಯ ಚಿತ್ರ! ಅವನ ಹಿಂದೆ ಓಡುವವನು ಯಾರು? ಬೃಹನ್ನಳೆಯ ವೇಷದ ಅರ್ಜುನ. ಉದ್ದ ಜಡೆ ಹಾರುತ್ತಿದೆ, ಕೆಂಪು ಸೀರೆ ಬೀಸುತ್ತಿದೆ. ಆ ಓಟ ಕಂಡು ಎದುರಿನ ಸೈನಿಕರಿಗೂ ನಗು. ಭಯದ ಪರಮಾವಧಿಯ ಗಳಿಗೆಯಲ್ಲಿ ಕವಿ ರಣರಂಗವನ್ನೇ ನಗಿಸುತ್ತಾನೆ. ನೂರು ಹೆಜ್ಜೆಗೆ ಅರ್ಜುನ ಅವನನ್ನು ಹಿಡಿಯುತ್ತಾನೆ. ಬಿಟ್ಟುಬಿಡು, ಚಿನ್ನ ಕೊಡುತ್ತೇನೆ ಎಂದು ಹುಡುಗ ಅಳುತ್ತಾನೆ. ಅರ್ಜುನ ಬೈಯುವುದಿಲ್ಲ. ನಗುತ್ತಾನೆ. ನಗುತ್ತಲೇ ರಥದ ಬಳಿಗೆ ಕರೆತರುತ್ತಾನೆ. ಆಮೇಲೆ ಹೇಳುವ ಮಾತು ನನ್ನ ಪಾಲಿಗೆ ಇಡೀ ಮನೋವೈದ್ಯವೇ ಆಗಿಬಿಟ್ಟಿದೆ: ನಿನಗೆ ಕಾದಲು ಆಗದಿದ್ದರೆ ಬೇಡ, ಲಗಾಮು ಹಿಡಿ, ಕಾದುವವನು ನಾನು.

ಹೆದರಿದವನನ್ನು ಮನೆಗೆ ಕಳಿಸಲಿಲ್ಲ. ಹೆದರಬೇಡ ಎಂದು ಉಪದೇಶಿಸಿ ಬಿಲ್ಲು ಕೈಗೆ ತುರುಕಲೂ ಇಲ್ಲ. ನಡುಗುವ ಕೈಗೆ ಲಗಾಮು ಕೊಟ್ಟ. ಅದೇ ನಡುಗುವ ಕೈ ಭೀಷ್ಮ, ದ್ರೋಣ, ಕರ್ಣರ ನಡುವೆ ರಥ ನಡೆಸಿತು. ಐವತ್ತು ವರ್ಷ ಉತ್ತರನನ್ನು ನೋಡಿ ನಕ್ಕಿದ್ದೆ. ಅವನ ಜೊತೆ ನಗುವವನೊಬ್ಬ ಅದೇ ಕಥೆಯಲ್ಲಿ ಇದ್ದಾನೆಂದು ಕಂಡದ್ದು ಈಗ.

ನೋಡಿ ನಗುವುದು ಬೇರೆ, ಜೊತೆಗೆ ನಗುವುದು ಬೇರೆ. ಮೊದಲನೆಯದಕ್ಕೆ ಗೇಲಿ ಎಂದು ಹೆಸರು. ಎದೆ ಹಿಡಿದುಕೊಂಡು ಕೂತವರನ್ನು ಗೇಲಿ ಮಾಡಿದರೆ ಅವರ ಎರಡನೆಯ ಭಯಕ್ಕೆ ಮೂರನೆಯದೊಂದು, ಅವಮಾನ, ಸೇರುತ್ತದೆ. ‘ಇಷ್ಟಕ್ಕೆಲ್ಲ ಹೆದರ್ತಾರಾ’ ಎಂಬ ನಗು ಗುಣಪಡಿಸುವುದಿಲ್ಲ, ಕುಕ್ಕುತ್ತದೆ. ಚಿಕ್ಕಮ್ಮ ಮೊದಲು ಪಕ್ಕದಲ್ಲಿ ಕೂತರು, ಕೈ ಹಿಡಿದರು, ಮುಖ ನೋಡಿದರು. ಮಾತು ಆಮೇಲೆ ಬಂತು. ಈ ಅನುಕ್ರಮ ತಪ್ಪಬಾರದು.

ಒಬ್ಬರೇ ಇದ್ದಾಗ? ಅದಕ್ಕೂ ಒಂದು ದಾರಿ ಸಿಕ್ಕಿತು. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ಹೇಯ್ಸ್ 1978ರಲ್ಲಿ ತಮ್ಮ ವಿಭಾಗದ ಸಭೆಯಲ್ಲಿ ಮಾತಾಡಲು ಕೈಯೆತ್ತಿ, ಬಾಯಿ ತೆರೆದು, ದನಿಯೇ ಹೊರಡದೆ ಪ್ಯಾನಿಕ್ ಅಟ್ಯಾಕಿಗೆ ಒಳಗಾದವರು. ಅವರು ಬೆಳೆಸಿದ ಚಿಕಿತ್ಸಾ ವಿಧಾನದಲ್ಲಿ ಒಂದು ಅಭ್ಯಾಸವಿದೆ: ಹೆದರಿಸುವ ಯೋಚನೆಯನ್ನು ಓಡಿಸಬೇಡಿ, ಅದನ್ನು ಯಾವುದಾದರೂ ರಾಗದಲ್ಲಿ ಹಾಡಿ, ಕಾರ್ಟೂನ್ ಗೊಂಬೆಯ ದನಿಯಲ್ಲಿ ಹೇಳಿ. ಯೋಚನೆ ಅದೇ, ಆದರೆ ಅದರ ಕೋರೆಹಲ್ಲು ಉದುರುತ್ತದೆ. ನಾನು ಭಾಗವತರ ಶೈಲಿಯಲ್ಲಿ ಪ್ರಯತ್ನಿಸಿದೆ. ಕಳೆದ ಮಳೆಗಾಲದಲ್ಲಿ, ಬೆಂಗಳೂರಿಗೆ ಬರುವ ರಾತ್ರಿ ಬಸ್ಸಿನಲ್ಲಿ, ತುಮಕೂರು ದಾಟಿದ ಮೇಲೆ ಬೆರಳುಗಳು ಜುಮುಗುಟ್ಟತೊಡಗಿದಾಗ ‘ಸತ್ತೇ ಹೋಗುವೆನೀಗಾ’ ಎಂದು ಬಾಯೊಳಗೇ ಏರಿಸಿ ಎಳೆದು ಹಾಡಿದೆ. ‘ಈಗಾ’ ಎಂಬಲ್ಲಿ ಉಸಿರು ಪೂರ್ತಿ ಹೊರಗೆ ಹೋಯಿತು. ಎರಡನೆಯ ಸುತ್ತಿಗೆ ಮನಸ್ಸಿನಲ್ಲಿ ಚೆಂಡೆಯೂ ಬಂತು. ಮೂರನೆಯ ಸುತ್ತಿಗೆ ನಗು. ನೆಲಮಂಗಲ ಬರುವ ಹೊತ್ತಿಗೆ ನಾನು ಕಿಟಕಿಗೆ ತಲೆಯಾನಿಸಿ ಹೊರಗಿನ ದೀಪಗಳನ್ನು ನೋಡುತ್ತಿದ್ದೆ.

ನಗೆಕೂಟಗಳ ಬಗ್ಗೆ ನನಗೆ ಮೊದಲು ಅನುಮಾನವಿತ್ತು. ಮುಂಬೈಯ ವೈದ್ಯ ಮದನ್ ಕಟಾರಿಯಾ 1995ರ ಮಾರ್ಚ್ 13ರಂದು ಪಾರ್ಕಿನಲ್ಲಿ ಐದೇ ಜನರೊಂದಿಗೆ ಶುರು ಮಾಡಿದ್ದು ಇದು. ಕೆಲವೇ ದಿನಗಳಲ್ಲಿ ಜೋಕುಗಳೆಲ್ಲ ಖಾಲಿಯಾದವು. ಆಗಲೇ ಅವರಿಗೆ ಜೋಕಿಲ್ಲದೆಯೂ ನಗಬಹುದೆಂದು ಹೊಳೆದದ್ದು. ಒಂದು ಬೆಳಗ್ಗೆ ಲಾಲ್‌ಬಾಗಿನಲ್ಲಿ ಅಂಥ ಗುಂಪಿನ ಹಿಂದೆ ನಿಂತೆ. ಮಫ್ಲರ್ ಸುತ್ತಿದ ಹಿರಿಯರೊಬ್ಬರು ಕೈತಟ್ಟುತ್ತಾ ‘ಹೋ ಹೋ, ಹ ಹ ಹಾ’ ಎಂದರು. ಮೊದಮೊದಲು ಎಲ್ಲರ ನಗುವೂ ಬರೀ ಬಾಯಿಯದ್ದು. ನನ್ನ ಮುಂದಿದ್ದ ಅಜ್ಜಿಯೊಬ್ಬರು ತಿರುಗಿ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ, ಅಲ್ಲಿಗೆ ಇಬ್ಬರದೂ ನಿಜವಾಯಿತು. ಪ್ರೊವೈನ್ ಹೇಳಿದ್ದು ಕಣ್ಣೆದುರಿಗೇ ನಡೆಯಿತು: ನಗುವಿಗೆ ಬೇಕಾದದ್ದು ಇನ್ನೊಂದು ಮುಖ.

ಕೊನೆಯದಾಗಿ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿ. ಅಲ್ಲಿ ‘ಕೊರವಂಜಿ’ಯ ಹಳೆಯ ಸಂಚಿಕೆಯೊಂದು ಸಿಕ್ಕಿತು. ಹಾಳೆ ಕಂದಿತ್ತು, ಅಂಚು ಮುಟ್ಟಿದರೆ ಪುಡಿ. 1942ರಲ್ಲಿ ಶುರುವಾಗಿ ಇಪ್ಪತ್ತೈದು ವರ್ಷ ಕನ್ನಡಿಗರನ್ನು ನಗಿಸಿದ ಮಾಸಪತ್ರಿಕೆ. ಆರ್. ಕೆ. ಲಕ್ಷ್ಮಣ್ ಎಳೆಯ ವಯಸ್ಸಿನಲ್ಲಿ ವ್ಯಂಗ್ಯಚಿತ್ರ ಬರೆದದ್ದು, ನಾ. ಕಸ್ತೂರಿ, ಟಿ. ಸುನಂದಮ್ಮ ನಗೆ ಹಂಚಿದ್ದು ಇದರಲ್ಲೇ. ಸಂಪಾದಕರು ‘ರಾಶಿ’, ಅಂದರೆ ಡಾ. ಎಂ. ಶಿವರಾಂ. ಹೆಸರಿನ ಹಿಂದಿನ ‘ಡಾ.’ ನೋಡಿದ್ದೆನೇ ಹೊರತು ಯೋಚಿಸಿರಲಿಲ್ಲ. ಅವರು ರೋಗಿಗಳ ನಾಡಿ ನೋಡುತ್ತಿದ್ದ ವೈದ್ಯರು! ಪತ್ರಿಕೆ ನಿಂತ ಮೇಲೆ, 1976ರಲ್ಲಿ, ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಯಾವ ನಗೆಬರಹಕ್ಕೆ ಎಂದು ಹುಡುಕಿದೆ. ನಗೆಬರಹಕ್ಕಲ್ಲ. ‘ಮನಮಂಥನ’ ಎಂಬ ಕೃತಿಗೆ. ಅದು ಮನೋವೈದ್ಯದ ಪುಸ್ತಕ. ಅಂಗಡಿಯ ಮುಂದೆ, ಆ ಗದ್ದಲದ ನಡುವೆ, ನಾನು ಸ್ತಬ್ಧನಾಗಿ ನಿಂತೆ. ನಾನು ವಿಯೆನ್ನಾ, ಸಿಡ್ನಿ, ಮೇರಿಲ್ಯಾಂಡ್ ಎಂದು ಹುಡುಕುತ್ತಿದ್ದೆ. ಒಂದು ಕೈಯಲ್ಲಿ ನಗೆಯನ್ನೂ ಇನ್ನೊಂದು ಕೈಯಲ್ಲಿ ಮನಸ್ಸಿನ ನೋವನ್ನೂ ಹಿಡಿದು ದುಡಿದ ವೈದ್ಯರೊಬ್ಬರು ನನ್ನದೇ ಊರಿನಲ್ಲಿ, ನನ್ನದೇ ಭಾಷೆಯಲ್ಲಿ ಬರೆದಿದ್ದರು.

ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಮೊದಲ ಸಲ ಎದೆನೋವು, ಉಸಿರುಗಟ್ಟುವಿಕೆ ಬಂದವರು ನಗಲು ಕೂರಬಾರದು, ನೇರ ಆಸ್ಪತ್ರೆಗೆ ಹೋಗಬೇಕು. ಅದು ಹೃದಯದ್ದಲ್ಲ ಎಂದು ವೈದ್ಯರೇ ಹೇಳಬೇಕು. ಪ್ಯಾನಿಕ್ ಮತ್ತೆ ಮತ್ತೆ ಬಂದು ಬಸ್ಸು ಹತ್ತಲು, ಸಂತೆಗೆ ಹೋಗಲು ಭಯವಾಗತೊಡಗಿದರೆ ಅದಕ್ಕೆ ಒಳ್ಳೆಯ ಚಿಕಿತ್ಸೆಯಿದೆ, ಔಷಧವೂ ಇದೆ, ಮಾತಿನ ಚಿಕಿತ್ಸೆಯೂ ಇದೆ. ಆ ಚಿಕಿತ್ಸೆಯಲ್ಲಿ ರೋಗಿಯನ್ನು ತಿರುಗುವ ಕುರ್ಚಿಯಲ್ಲಿ ಸುತ್ತಿಸಿ, ಸಣ್ಣ ಕೊಳವೆಯಲ್ಲಿ ಉಸಿರಾಡಿಸಿ, ನಿಂತಲ್ಲೇ ಓಡಿಸಿ, ಬೇಕೆಂದೇ ತಲೆಸುತ್ತು, ಎದೆಬಡಿತ ತರಿಸುವ ಪದ್ಧತಿಯೂ ಇದೆ, ಫ್ರಾಂಕಲ್ ಅವರ ‘ಬಾ, ಇನ್ನೂ ಜೋರಾಗಿ ಬಾ’ ಎಂಬುದರ ತಮ್ಮನಂತೆ. ನಾನೂ ವೈದ್ಯರ ಬಳಿ ಹೋದೆ. ಈಗಲೂ ಹೋಗುತ್ತೇನೆ. ನಗು ಔಷಧದ ಬದಲಿಗಲ್ಲ, ಅದರ ಜೊತೆಗೆ. ಯಾರಿಗೆ ಹೇಳಿಕೊಳ್ಳುವುದು ಎಂದು ತೋಚದವರಿಗೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಮನೆಯಲ್ಲೂ ರಾತ್ರಿ ಮೂರು ಗಂಟೆಗೆ ಎದೆ ಹಿಡಿದುಕೊಂಡು ಎದ್ದು ಕೂರುವವರು ಇರಬಹುದು. ಮಗಳಿರಬಹುದು, ಅಣ್ಣನಿರಬಹುದು, ಹೊರಗೆ ಗಟ್ಟಿಗರಂತೆ ಕಾಣುವ ಅಪ್ಪನೇ ಇರಬಹುದು. ದೀಪ ಹಾಕಿ. ಪಕ್ಕದಲ್ಲಿ ಕೂತು ಮುಂಗೈ ಹಿಡಿದುಕೊಳ್ಳಿ. ಬೆಳಗ್ಗೆ ಏನು ತಿಂಡಿ ಮಾಡುತ್ತೀರಿ ಎಂದು ಹೇಳಿ.